ಶಂಕ್ರಮ್ಮ ಬಿಟ್ಟದ್ದು, ಬಿಡದ್ದು

ಗದ್ವಾಲದ ನೇಕಾರರ ಓಣಿಯಲ್ಲಿ ಶಂಕ್ರಮ್ಮನ ಬಾಯಿಗೆ ಹೆದರದವರಿರಲಿಲ್ಲ. ಆ ಬಾಯಿ ಹೋದ ವರ್ಷ ಬಂದ್ ಆಯಿತು. ಅಲಂಪುರದ ದಾರಿಯಲ್ಲಿ ಲಾರಿ ಬಡಿದು ಮಗ ಗುರುಲಿಂಗ ತೀರಿಕೊಂಡ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಎರಡನ್ನೂ ಕೊಂಡಿ ಹಾಕಿ ಕೂಡಿಸಲು ಅವರ ಮಗ್ಗಕ್ಕೆ ಇಬ್ಬರು ಬೇಕು. ಮಗ ಕೂರುತ್ತಿದ್ದ ಜಾಗದಲ್ಲಿ ತಾಯಿ ಕೂತಳು, ಪಕ್ಕದಲ್ಲಿ ಸೊಸೆ ಭಾಗ್ಯಜ್ಯೋತಿ. ಇಬ್ಬರೂ ಅಳುತ್ತಲೇ ನೇಯ್ದರು.

ಅಷ್ಟರಲ್ಲಿ ಇಟಿಕ್ಯಾಲದಿಂದ ಉಡಿಕೆಯ ಮಾತು ಬಂತು. ಗಂಡ ಸತ್ತವಳು ಮತ್ತೆ ಮದುವೆಯಾಗುವುದು ಇವರ ಮನೆತನಗಳಲ್ಲಿ ಹೊಸದೇನಲ್ಲ. ಆದರೆ ಹಿರಿಯರ ಮುಂದೆ ಅತ್ತೆಯೇ ಬಾಯಿಬಿಟ್ಟು 'ಹೋಗವ್ವ' ಅನ್ನಬೇಕು. ಅಲ್ಲಿನ ಹುಡುಗ ಸಿದ್ದರಾಮೇಶ ಭಾಗ್ಯಜ್ಯೋತಿಗೂ ಒಪ್ಪಿಗೆಯಾಗಿದ್ದ. ಇದು ಕೇಳಿದ್ದೇ ಶಂಕ್ರಮ್ಮ ಬುದ್ಧನ ದಾರಿ ಹಿಡಿದಿದ್ದ ನಿವೃತ್ತ ಮಾಸ್ತರ ಅಂಜಯ್ಯನವರ ಮನೆಗೆ ಓಡಿದಳು.

"ಮಾಸ್ತರ, ಈ ಸಂಕಟ ಹೋಗಾಕ ಏನರ ಐತೇನ್ರಿ?"

"ದುಃಖ ಐತ್ಯವ್ವಾ, ಸುಳ್ಳಲ್ಲ. ಅದಕ್ಕೊಂದು ಮೂಲ ಐತಿ, ನನಗ ಬೇಕು ಅನ್ನೂದು. ಅದನ್ನ ಬಿಟ್ರ ದುಃಖ ಆರತೈತಿ. ಬಿಡಾಕ ದಾರೀನೂ ಐತಿ. ನೆಟ್ಟಗ ನೋಡೂದು, ನೆಟ್ಟಗ ಮಾತಾಡೂದು..."

ಮುಂದಿನದನ್ನು ಕೇಳುವ ತಾಳ್ಮೆ ಯಾರಿಗಿತ್ತು? 'ಬಿಟ್ರ ಆರತೈತಿ' ಎಂಬುದನ್ನಷ್ಟೇ ಸೆರಗಿಗೆ ಕಟ್ಟಿಕೊಂಡು ಬಂದಳು. ಆಮೇಲೆ ಬಿಟ್ಟಳು ನೋಡಿ! ಎಲೆ ಅಡಿಕೆ ಬಿಟ್ಟಳು, ಹಾಸಿಗೆ ಬಿಟ್ಟಳು, ಕೊನೆಗೆ ರೊಟ್ಟಿಯನ್ನೂ. "ನನಗೇನೂ ಬ್ಯಾಡವ್ವ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಸುದ್ದಿ ಕೇಳಿ ಮಾಸ್ತರರು ಬಂದು ಗದರಿದರು: "ಹೊಟ್ಟಿ ಒಣಗಿಸ್ಕೊಂಡ್ರ ಏನೂ ಸಿಗಂಗಿಲ್ಲಂತ ಬುದ್ಧ ತಾನ ಅದನ್ನ ಕೈಬಿಟ್ಟಾನ. ನೀ ಯಾಕ ಹಿಡದಿ?" ಅವಳು ಮಗ್ಗುಲು ಕೂಡ ಬದಲಿಸಲಿಲ್ಲ.

ಇಟಿಕ್ಯಾಲದವರು ಬಂದು ಹಿರಿಯರ ಜೊತೆ ಕೂತಾಗ ಭಾಗ್ಯಜ್ಯೋತಿ ತಾನೇ ಮುಂದೆ ಬಂದಳು. "ನಾ ಬರಂಗಿಲ್ರಿ. ನಮ್ಮತ್ತಿ ಉಣ್ಣೂದ ಬಿಟ್ಟಾರ. ಅವರನ್ನ ಹಿಂಗ ಬಿಟ್ಟು ಎಲ್ಲಿಗಿ ಹೋಗ್ಲಿ?"

ಒಳಗೆ ಮಲಗಿದ್ದ ಶಂಕ್ರಮ್ಮನಿಗೆ ಹಾಯೆನಿಸಿತು. ಎಷ್ಟು ದಿನಗಳ ಮೇಲೆ ಹೊಟ್ಟೆ ತಣ್ಣಗಾಯಿತು! ಮರುಗಳಿಗೆಯೇ ಆ ಸುಖಕ್ಕೆ ಅವಳೇ ಬೆಚ್ಚಿದಳು. ಏನೂ ಬೇಡವೆಂದವಳಿಗೆ ಇದೊಂದು ಬೇಕೇ ಇತ್ತಲ್ಲ! ಸತ್ತ ಮಗನಿಗಾಗಿ ಅಲ್ಲ, ತಾನು ಒಬ್ಬಂಟಿಯಾಗಬಾರದೆಂದು ಈ ಎಳೆ ಜೀವವನ್ನು ಉಪವಾಸದಿಂದ ಕಟ್ಟಿಹಾಕಿದ್ದಳು. ನಾಚಿಕೆಯಿಂದ ಅವಳ ಮೈ ಹಿಡಿಯಾಯಿತು.

ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ತಲೆ ತಿರುಗುತ್ತಿತ್ತು. "ಆಕಿ ಮಾತು ಕೇಳಬ್ಯಾಡ್ರಿ. ಆಕಿ ಹೋಗಬಾರ್ದಂತ ನಾ ಉಣ್ಣೂದ ಬಿಟ್ಟಿದ್ದೆ. ಈಗ ಉಣ್ತೀನಿ."

ಭಾಗ್ಯಜ್ಯೋತಿ ಅಳುತ್ತಾ ಅವಳ ಕೈ ಹಿಡಿದುಕೊಂಡಳು. ಶಂಕ್ರಮ್ಮ ಮೆಲ್ಲಗೆ ಸೊಸೆಯ ಬೆರಳು ಬಿಡಿಸಿದಳು.

"ಹೋಗವ್ವ," ಅಂದಳು. ಸಂಕಟ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆದರೂ ಆ ಮಾತನ್ನು ಮತ್ತೊಮ್ಮೆ, ಹಿರಿಯರಿಗೆಲ್ಲ ಕೇಳುವಂತೆ ಹೇಳಿದಳು.