ಬಜಪೆಯ ಮೇಲೆ ಸುತ್ತಿದ ವಿಮಾನ

ಆ ಕಾಲದಲ್ಲಿ ನಮಗೆ ಊರೆಂದರೆ ಇಡೀ ಒಂದು ರಾತ್ರಿಯ ದಾರಿ. ಸಂಜೆ ಮದ್ರಾಸಿನ ವೆಸ್ಟ್ ಮಾಂಬಲಂನ ಮನೆಯಿಂದ ಹೊರಟು, ಸೆಂಟ್ರಲ್‌ನಲ್ಲಿ ಮಂಗಳೂರಿನ ರೈಲು ಹತ್ತಿ, ಅಮ್ಮ ಕಟ್ಟಿ ತಂದ ಪುಳಿಯೋಗರೆಯನ್ನು ಅರಕ್ಕೋಣಂ ಬರುವ ಮೊದಲೇ ಮುಗಿಸಿ ಮಲಗಿದರೆ, ಕಣ್ಣು ಬಿಡುವಾಗ ಕಿಟಕಿಯ ಹೊರಗೆ ತೆಂಗಿನ ತೋಟ. ಇನ್ನೂ ಎಷ್ಟು ದೂರ ಎಂದು ನಾನು ಕೇಳುವುದು, ಇಲ್ಲೇ ಹತ್ತಿರ ಎಂದು ಅಮ್ಮ ಸುಳ್ಳು ಹೇಳುವುದು. ಬಜಪೆಯ ಅಜ್ಜಿಮನೆ ಮಂಗಳೂರಿನ ವಿಮಾನ ನಿಲ್ದಾಣದ ಪಕ್ಕದಲ್ಲೇ. ಮಾಡಿನ ಹೆಂಚು ಅದುರುವಷ್ಟು ಕೆಳಗೆ ವಿಮಾನಗಳು ಬರುತ್ತಿದ್ದವು. ಅದರಲ್ಲಿ ಬಂದರೆ ಮದ್ರಾಸಿನಿಂದ ಒಂದೂಕಾಲು ಗಂಟೆ ಸಾಕಂತೆ ಎಂದು ಅಜ್ಜಿ ಯಾರದೋ ಕಥೆ ಹೇಳುವಂತೆ ಹೇಳುತ್ತಿದ್ದರು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಊರಲ್ಲಿ ಆಟಿ ತಿಂಗಳ ಮಳೆ ಹೊಯ್ಯುವಾಗ, ಅಮ್ಮನ ಅಣ್ಣ ಫೋನ್ ಮಾಡಿದರು. ಅಜ್ಜಿಗೆ ಕಾಯಿಲೆ ಜೋರುಂಟು, ಮಗಳನ್ನೇ ಕೇಳುತ್ತಿದ್ದಾರೆ ಎಂದರು. ಹೋಟೆಲಿನಲ್ಲಿ ಅಡುಗೆಗಿದ್ದ ಅಪ್ಪ ಯಜಮಾನರ ಕೈಕಾಲು ಹಿಡಿದು ಮರುದಿನದ ವಿಮಾನಕ್ಕೆ ಅಮ್ಮನೊಬ್ಬಳಿಗೆ ಟಿಕೆಟ್ ಮಾಡಿಸಿದರು. ನನಗೋ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಮ್ಮ ವಿಮಾನದಲ್ಲಿ ಹೋಗುತ್ತಾಳೆ ಎಂದು ಗಲ್ಲಿಯಲ್ಲಿ ಹೇಳಿದರೆ ಎದುರುಮನೆಯ ಸೆಲ್ವಿ "ಸುಮ್ಮಾ ಸೊಲ್ಲಾದೆ ಡಿ" ಎಂದು, ಸುಳ್ಳು ಬಿಡಬೇಡ ಎನ್ನುವಂತೆ ನಕ್ಕಳು.

ಬೆಳಿಗ್ಗೆ ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಅಮ್ಮ ಒಳಗೆ ಹೋದ ಮೇಲೆ ಅಪ್ಪ ಅಲ್ಲಿಂದಲೇ ಊರಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ಮಾವ ಅದನ್ನು ಅಜ್ಜಿಯ ಕಿವಿಗಿಟ್ಟರು. ಅಮ್ಮ ವಿಮಾನ ಹತ್ತಿದಳು, ಈಗ ಬಂದುಬಿಡುತ್ತಾಳೆ ಅಂದೆ. ಹೌದಾ ಮಗಾ ಎಂದ ಅಜ್ಜಿಯ ಸ್ವರ ನೂಲಿನ ಹಾಗೆ ಸಣ್ಣಗಿತ್ತು. ಆಮೇಲೆ ಕುಚ್ಚಲಕ್ಕಿ ಒಲೆಗಿಡಲು ಅತ್ತೆಗೆ ಹೇಳಿದರಂತೆ. ಅದು ಬೇಯುವಷ್ಟರಲ್ಲಿ ಮಗಳು ಬರುತ್ತಾಳೆ, ಹಸಿದಿರುತ್ತಾಳೆ ಎಂದು.

ಮಾಂಬಲಂನಲ್ಲಿ ಅಂದು ಚುರುಗುಟ್ಟುವ ಬಿಸಿಲು. ಬಜಪೆಯಲ್ಲಿ ಎದುರಿನ ಮರ ಕಾಣದ ಮಳೆ. ವಿಮಾನ ಇಳಿಯಲಾಗದೆ ಮೇಲೆ ಸುತ್ತಿತು, ಸುತ್ತಿತು, ಕೊನೆಗೆ ಬೆಂಗಳೂರಿಗೆ ತಿರುಗಿತು. ಅಲ್ಲಿ ಕಾಯಿಸಿ ಕಾಯಿಸಿ, ಇವತ್ತಿನ್ನು ಹೋಗುವುದಿಲ್ಲ ಅಂದರು. ಅಮ್ಮ ಬಸ್ಸು ಹಿಡಿದು ಮರುದಿನ ಬೆಳಿಗ್ಗೆ ಮನೆ ಮುಟ್ಟುವಾಗ ಅಜ್ಜಿಯ ಚಿತೆ ಆರಿತ್ತು.

ಕಾರ್ಯವೆಲ್ಲ ಮುಗಿಸಿ ಅಮ್ಮ ತಿರುಗಿ ಬಂದದ್ದು ರೈಲಿನಲ್ಲಿ. ವಿಮಾನದಲ್ಲಿ ಎಂತ ಕೊಟ್ಟರು, ಎಲ್ಲಿ ಕೂತೆ ಎಂದು ಕೇಳಲು ನಾನು ಕಾದಿದ್ದೆ. ಅವಳ ಮುಖ ಕಂಡು, ಬಾಚಣಿಗೆ ತಂದು ಅವಳ ಮುಂದೆ ಕೂತೆ. ಅವಳೇ ನನ್ನ ತಲೆ ಬಾಚುತ್ತ ಹೇಳಿದಳು.

"ಅಜ್ಜಿಗೆ ವಿಮಾನದ ಶಬ್ದ ಕೇಳಿತಂತೆ ಮಗಾ. ಬಂದಳು, ಬಾಗಿಲು ತೆಗೀರಿ ಅಂದ್ರಂತೆ. ಮತ್ತೆ ಮಾತಾಡ್ಲಿಲ್ಲ." ಬಾಚಣಿಗೆ ನಿಂತಿತು. "ನಾನು ಅಲ್ಲೇ ಮೇಲಿದ್ದೆ. ಕಿಟಕಿಯಲ್ಲಿ ನೋಡಿದ್ರೆ ಬರೀ ಬಿಳಿ."

ಆಮೇಲೆ ನಮ್ಮ ರಜೆಯ ರೈಲುಗಳು ನಿಂತೇಹೋದವು. ಮಾವ ತೀರಿಕೊಂಡರು, ಮನೆ ಬೇರೆಯವರ ಪಾಲಾಯಿತು. ಈಗ ನಾವು ಮದ್ರಾಸಿನಲ್ಲೇ, ವೇಲಚೇರಿಯಲ್ಲಿದ್ದೇವೆ. ಬೇಕೆಂದಾಗ ಫೋನಿನಲ್ಲೇ ಟಿಕೆಟ್ ಸಿಗುತ್ತದೆ. ಕಳೆದ ತಿಂಗಳು ಕೆಲಸದ ಮೇಲೆ ಮಂಗಳೂರಿಗೆ ಹೊರಟಾಗ, ಬಾ ಅಮ್ಮ, ಒಂದೂಕಾಲು ಗಂಟೆ ಅಷ್ಟೇ ಎಂದು ಕರೆದೆ. ಅವಳು ಬೀನ್ಸಿನ ನಾರು ತೆಗೆಯುತ್ತಿದ್ದಳು.

"ಅಲ್ಲಿ ಹೋಗಿ ಯಾರ ಬಾಗಿಲು ತಟ್ಟುವುದು?" ಅಂದಳು.

ನಾನೊಬ್ಬಳೇ ಹೋದೆ. ಆಕಾಶ ತಿಳಿಯಾಗಿತ್ತು. ಕೆಳಗೆ ಹೆಂಚಿನ ಮನೆಗಳು, ಅಂಗಳಗಳು, ಒಣಹಾಕಿದ ಬಟ್ಟೆ ಕೂಡ ಕಾಣುತ್ತಿತ್ತು. ವಿಮಾನ ಒಂದು ಸುತ್ತೂ ಹಾಕದೆ ಸೀದಾ ಇಳಿಯಿತು. ಅಷ್ಟು ಸುಲಭವಾಗಿ ಇಳಿದದ್ದಕ್ಕೇ ನನಗೆ ಅಳು ಬಂತು.