ಕುತ್ತಿಗೆಯ ಗಂಟು

ನೆಸ್ತಾ ಬೆವನ್ ತನ್ನ ಅರ್ಧ ಆಯುಸ್ಸು ಬೇರೆಯವರ ಹಸು ಕರೆಯುವುದರಲ್ಲೇ ಕಳೆದವಳು. ಟೈವಿ ನದಿಯ ಆ ಕಣಿವೆಯಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಮಗಳಿಗೆ ಮದುವೆಯಾದರೂ, ಬೆಳಗಿನ ಹಾಲಿಗೆ ಬರಲು ಅವಳಿಗೇ ಫೋನು ಬರುತ್ತಿತ್ತು. ತಾಯಿ ತೀರಿಕೊಂಡು ಬ್ರಿನ್‌ಗ್ಲಾಸಿನ ಇಳಿಜಾರು ಹೊಲಗಳು ಅವಳಿಗೂ ತಮ್ಮ ಇದ್ವಾಲನಿಗೂ ಬಂದಾಗ, ಊರಿನವರೆಲ್ಲ ಅವಳು ಸ್ವಂತಕ್ಕೆ ನಾಲ್ಕು ಹಸು ಕಟ್ಟುತ್ತಾಳೆ ಎಂದುಕೊಂಡರು. ಅವಳು ಕಟ್ಟಲಿಲ್ಲ.

"ಕರೆಯೋದು ಈ ಜನ್ಮಕ್ಕೆ ಸಾಕು. ನನ್ನ ಬೆರಳಿಗೂ ಒಂಚೂರು ಕರುಣೆ ತೋರಿಸಬೇಕಲ್ಲ," ಅಂದಳು.

ಅವಳು ಕಟ್ಟಿದ್ದು ಹೋರಿಗರುಗಳನ್ನು. ಪಕ್ಕದ ಹೊಲದ ಗೆಥಿನ್ ದೊಡ್ಡ ಹಾಲಿನ ಮಂದೆ ಸಾಕಿದವನು. ಅವನ ಕಪ್ಪುಬಿಳುಪಿನ ಫ್ರೀಸಿಯನ್ ಹಸುಗಳಿಗೆ ಕೆಂಪು ಹೆರೆಫರ್ಡ್ ಹೋರಿಯಿಂದ ಹುಟ್ಟಿದ ಗಂಡುಕರುಗಳು ಅವನಿಗೆ ಬೇಡವಾದವು. ಹಾಲು ಕೊಡುವುದಿಲ್ಲ, ಸುಮ್ಮನೆ ಹಾಲು ಕುಡಿಯುತ್ತವೆ. ಎರಡು ವಾರದ ಕೂಸುಗಳನ್ನು ನೆಸ್ತಾ ತನ್ನ ವ್ಯಾನಿನ ಹಿಂದೆ ಹುಲ್ಲು ಹಾಸಿ ಮನೆಗೆ ತರುತ್ತಿದ್ದಳು. ಕಪ್ಪು ಮೈ, ಬಿಳಿ ಮುಖ. ಎರಡು ವರ್ಷ ಹುಲ್ಲಿನ ಮೇಲೆ ನಿಧಾನಕ್ಕೆ ಬೆಳೆಸಿ, ಕೊನೆಗೆ ಕೊಟ್ಟಿಗೆಗೆ ಹಾಕಿ ಜವೆಗೋಧಿ ನುಚ್ಚು ತಿನ್ನಿಸಿ, ಬಾಲದ ಬುಡವನ್ನು ಬೆರಳಲ್ಲಿ ಒತ್ತಿ ನೋಡುವಳು. ಮೂಳೆಯ ಮೇಲೆ ಕೊಬ್ಬು ಮೆತ್ತಗೆ ಮುಚ್ಚಿಕೊಂಡಿದ್ದರೆ ಕಸಾಯಿಖಾನೆಗೆ ಕಳಿಸುವಳು. ಮಾಂಸ ಪಟ್ಟಣದ ಕಟುಕನ ತಣ್ಣನೆ ಕೋಣೆಯಲ್ಲಿ ಮೂರು ವಾರ ಕೊಕ್ಕೆಗೆ ತೂಗುಬಿದ್ದು ಹದವಾದ ಮೇಲೆ, ಅವನು ಕತ್ತರಿಸಿ ಕೊಟ್ಟದ್ದನ್ನು ಪೆಟ್ಟಿಗೆಗಳಿಗೆ ತುಂಬಿ ಕಣಿವೆಯ ಮನೆಮನೆಗೂ ತಾನೇ ಮುಟ್ಟಿಸುವಳು. ಹಾಲಿನ ತಳಿಯ ದನ ಬರೀ ಎಲುಬು ಅಂದವರೇ ಎರಡನೇ ಸಲ ಪೆಟ್ಟಿಗೆ ಕೇಳಿಕೊಂಡು ಬಂದರು.

ಚಿಂತೆ ಮಾತ್ರ ಅವಳ ಹುಟ್ಟುಗುಣ. ಮಳೆ ಬಂದರೆ ಕಾಲುಕೊಳೆತದ ಚಿಂತೆ, ಬಿಸಿಲಾದರೆ ಹುಲ್ಲಿನ ಚಿಂತೆ. ಹಾಲಿನ ಟ್ಯಾಂಕರ್ ಓಡಿಸುವ ಇದ್ವಾಲ್ ತಮಾಷೆ ಮಾಡುತ್ತಿದ್ದ: "ನಮ್ಮಕ್ಕನಿಗೆ ಚಿಂತೆ ಮಾಡೋಕೆ ಏನೂ ಸಿಗಲಿಲ್ಲ ಅಂದ್ರೆ, ಅವತ್ತು ಏನೋ ಮರೆತಿದೀನಿ ಅಂತ ಚಿಂತೆ ಮಾಡ್ತಾಳೆ."

ಆ ಶರತ್ಕಾಲದಲ್ಲಿ ಕೊಟ್ಟಿಗೆಯಲ್ಲಿದ್ದ ನಾಲ್ಕೂ ಹೋರಿ ಹದಕ್ಕೆ ಬಂದಿದ್ದವು. ಕ್ರಿಸ್‌ಮಸ್‌ಗೆ ಮುಂಚೆ ಕೊಡುತ್ತೇನೆಂದು ಎಲ್ಲ ಪೆಟ್ಟಿಗೆಗೂ ಮಾತು ಕೊಟ್ಟಾಗಿತ್ತು. ಅಷ್ಟರಲ್ಲಿ ದನಗಳ ವರ್ಷದ ಕ್ಷಯರೋಗ ಪರೀಕ್ಷೆ ಬಂತು.

ಮಂಗಳವಾರ ದನದ ಡಾಕ್ಟರು ಲೊವ್ರಿ ಬಂದಳು. ಒಂದೊಂದನ್ನೇ ಕಬ್ಬಿಣದ ಪಂಜರಕ್ಕೆ ನುಗ್ಗಿಸಿ, ಕುತ್ತಿಗೆಯ ಮೇಲೆ ಎರಡು ಕಡೆ ಕೂದಲು ಕತ್ತರಿಸಿ, ಚರ್ಮ ಎಷ್ಟು ದಪ್ಪವಿದೆಯೆಂದು ಅಳೆದು, ಎರಡು ಚುಚ್ಚುಮದ್ದು ಕೊಟ್ಟಳು. ಮೇಲಿನದು ಹಕ್ಕಿಯ ಕ್ಷಯದ್ದು, ಕೆಳಗಿನದು ದನದ್ದು. ಶುಕ್ರವಾರ ಬಂದು ಮತ್ತೆ ಅಳೆಯುತ್ತಾಳೆ. ಚುಚ್ಚಿದಲ್ಲಿ ಏಳುವ ಗಂಟುಗಳಲ್ಲಿ ಕೆಳಗಿನದು ಮೇಲಿನದಕ್ಕಿಂತ ದೊಡ್ಡದಾಗಿ ಊದಿದರೆ ಆ ದನದ ಕತೆ ಮುಗಿಯಿತು, ಮಂದೆಯ ಬಾಗಿಲಿಗೂ ಸರ್ಕಾರದ ಬೀಗ: ದನ ತರುವಂತಿಲ್ಲ, ಮಾರುವಂತಿಲ್ಲ.

"ಶುಕ್ರವಾರದವರೆಗೂ ಮುಟ್ಟಿ ನೋಡೋಕೆ ಹೋಗಬೇಡಿ ನೆಸ್ತಾ," ಅಂದಳು ಲೊವ್ರಿ. ಅವಳಿಗೆ ಇವಳು ಗೊತ್ತು.

ಬುಧವಾರ ಮಧ್ಯಾಹ್ನ ಇದ್ವಾಲ್ ಟ್ಯಾಂಕರನ್ನು ರಸ್ತೆಯಲ್ಲೇ ನಿಲ್ಲಿಸಿ ಒಳಗೆ ಬಂದ. ಬೂಟು ಬಿಚ್ಚಲಿಲ್ಲ, ತಟ್ಟೆಯಲ್ಲಿದ್ದ ಕೇಕಿಗೂ ಕೈ ಹಾಕಲಿಲ್ಲ.

"ಗೆಥಿನ್‌ನ ಮಂದೇದು ಇವತ್ತು ಅಳೆದ್ರು. ಪರೀಕ್ಷೇಲಿ ಎರಡು ಹಸು ಬಿದ್ದಿವೆ."

ನೆಸ್ತಾ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಅವಳ ಕೊಟ್ಟಿಗೆಯ ಪ್ರತಿಯೊಂದು ಪ್ರಾಣಿಯೂ ಗೆಥಿನ್‌ನ ಕೊಟ್ಟಿಗೆಯಲ್ಲಿ ಹುಟ್ಟಿದ್ದು, ಅವನ ಹಸುಗಳ ಮೊದಲ ಹಾಲು ಕುಡಿದದ್ದು. ಎರಡು ಹೊಲಕ್ಕೂ ನಡುವೆ ಇರುವುದು ಒಂದು ಬೇಲಿ. ಅದರ ಮೇಲೆ ಮೂಗು ಚಾಚಿ ಅವು ಒಂದನ್ನೊಂದು ಮೂಸುವುದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಬೇಸಿಗೆಯಲ್ಲಿ ಎರಡನೇ ಬೇಲಿ ಹಾಕಿಸಬೇಕೆಂದು ಅಂದುಕೊಂಡವಳು ಹುಲ್ಲು ಕೊಯ್ಲಿನ ಗಡಿಬಿಡಿಯಲ್ಲಿ ಬಿಟ್ಟಿದ್ದಳು.

"ಅವನ ಹಸು ಬಿದ್ರೆ ನಿನ್ನ ಹೋರಿ ಬೀಳಬೇಕು ಅಂತೇನಿಲ್ಲ," ಅಂದ ಇದ್ವಾಲ್.

"ಬೀಳಬಾರದು ಅಂತಲೂ ಏನಿಲ್ಲವಲ್ಲೋ."

ಅವನು ಹೋದ ಮೇಲೆ ಅವಳು ಕೊಟ್ಟಿಗೆಗೆ ಹೋದಳು. ಮುಟ್ಟಬಾರದು ಅಂದಿದ್ದಳು ಲೊವ್ರಿ, ನೋಡಬಾರದು ಅಂದಿರಲಿಲ್ಲ. ಅಗಲ ಹಣೆಯ ದೊಡ್ಡ ಹೋರಿ ಮೇವಿನ ತೊಟ್ಟಿಗೆ ತಲೆಯಿಟ್ಟಿತ್ತು. ಅದರ ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ಮೇಲಿನದೋ ಕೆಳಗಿನದೋ? ಅದು ತಲೆ ಎತ್ತಿದರೆ ಮೇಲಿನದು, ತಗ್ಗಿಸಿದರೆ ಕೆಳಗಿನದು ಎಂಬಂತೆ ಕಾಣುತ್ತಿತ್ತು. ಉಳಿದವುಗಳದ್ದು ಅವಳ ಕಣ್ಣಿಗೆ ಬೀಳಲೇ ಇಲ್ಲ. ಗುರುವಾರವೂ ಅದೇ ಆಯಿತು. ನುಚ್ಚು ಹಾಕಲು ಹೋದವಳು ಬಕೆಟ್ ಹಿಡಿದು ನಿಂತೇ ಇರುವಳು, ಹೋರಿಗಳು ಬಕೆಟ್ಟಿಗೆ ಮೂತಿ ಹಾಕಿ ಎಳೆದಾಡುವವು. ಅಡುಗೆಮನೆಯಲ್ಲಿ ಮಾಂಸ, ಲೀಕ್ ಈರುಳ್ಳಿ, ಗಡ್ಡೆ ಹಾಕಿ ಇಟ್ಟ ಸಾರು ತಳ ಹಿಡಿಯಿತು. ಇದ್ವಾಲ್ ತಮಾಷೆ ಮಾಡದೆ ತಿಂದ. ಅದು ಅವಳನ್ನು ಇನ್ನಷ್ಟು ಹೆದರಿಸಿತು.

ಶುಕ್ರವಾರ ಲೊವ್ರಿ ದೊಡ್ಡ ಹೋರಿಯ ಗಂಟನ್ನು ಎರಡು ಸಲ ಅಳೆದಳು. ನೆಸ್ತಾ ಕಂಬಿ ಹಿಡಿದುಕೊಂಡು ನಿಂತಿದ್ದಳು.

"ಮೇಲಿಂದೇ ದೊಡ್ಡದು. ಹಕ್ಕಿದು. ಇದು ಪಾಸು."

ನೆಸ್ತಾ ಪಂಜರದ ಬಾಗಿಲು ತೆಗೆದು ಅದನ್ನು ಬಿಟ್ಟಳು. ಮುಂದಿನ ಎರಡು ಹೋರಿಯೂ ದಾಟಿದವು. ಕೊನೆಯದು ಗಿಡ್ಡ ಕಾಲಿನ, ಯಾರ ಗೋಜಿಗೂ ಹೋಗದ ಹೋರಿ. ಅದರ ಕುತ್ತಿಗೆಯನ್ನು ನೆಸ್ತಾ ಮೂರು ದಿನವೂ ಸರಿಯಾಗಿ ನೋಡಿರಲಿಲ್ಲ. ಲೊವ್ರಿ ಅಳೆದಳು, ಅಳತೆಯ ಸಲಕರಣೆ ಒರೆಸಿಕೊಂಡು ಮತ್ತೆ ಅಳೆದಳು.

"ಏನಾಯ್ತು?"

"ಹೌದು ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ಕೆಳಗಿಂದು ಒಂಚೂರು ಜಾಸ್ತಿ. ಇದನ್ನ ಬೇರೆ ಕಟ್ಟಿಬಿಡಿ. ಎರಡು ತಿಂಗಳು ಬಿಟ್ಟು ಇನ್ನೊಂದು ಪರೀಕ್ಷೆ. ಅಲ್ಲೀತನಕ ಹೊಸ ಕರು ತರೋ ಹಾಗಿಲ್ಲ. ಪಾಸಾದವು ಮಾತ್ರ ನೇರ ಕಸಾಯಿಖಾನೆಗೆ ಹೋಗಬಹುದು, ಅದಕ್ಕೂ ಪರವಾನಗಿ ಬೇಕು."

"ಮಾಂಸ?"

"ಅಲ್ಲಿ ಎಲ್ಲಾನೂ ನೋಡಿಯೇ ಬಿಡ್ತಾರೆ. ಮಾಂಸಕ್ಕೇನೂ ತೊಂದರೆ ಇಲ್ಲ ನೆಸ್ತಾ."

ಲೊವ್ರಿಯ ಕಾರು ಗೇಟು ದಾಟಿದ್ದೇ ತಡ, ಪಂಜರದ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಇದ್ವಾಲ್ ಅಂದ: "ಕೇಳಿದ್ಯಲ್ಲ. ಮೂರು ಹೋರಿ ಕಳಿಸು, ಪೆಟ್ಟಿಗೆ ತುಂಬು, ಬಾಯಿ ಮುಚ್ಕೊಂಡಿರು. ಯಾರು ಕೇಳ್ತಾರೆ?"

"ಚಾಪೆಲ್ಲಿಗೆ ಪ್ರಾರ್ಥನೆಗೆ ಬರೋರೆಲ್ಲ ಕೇಳ್ತಾರೆ. ಗೆಥಿನ್ ವಿಷಯ ಊರೆಲ್ಲ ಆಗಿದೆ. ನನ್ನದು ಭಾನುವಾರದೊಳಗೆ ಆಗತ್ತೆ. ಅವರು ಬೇರೆಯವರ ಬಾಯಲ್ಲಿ ಕೇಳೋಕ್ಕೆ ಮೊದಲು ನಾನೇ ಹೇಳಬೇಕು."

"ಹೇಳೋದು ಏನಂತ? 'ನನ್ನ ಹೋರಿಗೆ ರೋಗ ಇದೆಯೋ ಇಲ್ವೋ ಗೊತ್ತಿಲ್ಲ, ಊಟ ಮಾಡಿ' ಅಂತಾನಾ?"

"ಇದ್ದದ್ದನ್ನ ಇದ್ದ ಹಾಗೆ."

ಶನಿವಾರ ಬೆಳಗ್ಗೆ ಕೋಟು ತೊಟ್ಟು ವ್ಯಾನು ಹತ್ತಿದಳು. ದಾರಿಯುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿಕೊಂಡರೂ ಪ್ರತಿ ಬಾಗಿಲಲ್ಲೂ ಅದು ಬೇರೆ ಥರವೇ ಹೊರಬಿತ್ತು. ಹೆಚ್ಚಿನವರು ಅವಳ ಮಾತು ಮುಗಿಯುವ ಮುಂಚೆಯೇ ಟೀಗೆ ನೀರಿಟ್ಟರು. ಗಣಿಯಲ್ಲಿ ಕೆಲಸ ಮಾಡಿ ನಿವೃತ್ತನಾದ ಎಮ್ಲಿನ್ ಕುರ್ಚಿಯಿಂದ ಏಳದೆ ಕೇಳಿಸಿಕೊಂಡ.

"ನಂಗೆ ಎಂಬತ್ತೊಂದು ವರ್ಷ ಕಣಮ್ಮ. ನಿನ್ನ ಮಾಂಸ ನನ್ನ ಕೊಲ್ಲಬೇಕಾದ್ರೆ ಕ್ಯೂನಲ್ಲಿ ನಿಂತ್ಕೋಬೇಕು. ನನ್ನ ಪೆಟ್ಟಿಗೆಗೆ ಎಲುಬು ಜಾಸ್ತಿ ಹಾಕು, ಅಷ್ಟೇ."

ಸೇತುವೆ ಹತ್ತಿರ ಪಬ್ ನಡೆಸುವ ಗೈನೊರ್ ಮಾತ್ರ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು. ಎಲ್ಲರಿಗಿಂತ ಹೆಚ್ಚು ಮಾಂಸ ಕೊಳ್ಳುವವಳು ಅವಳೇ.

"ನಂಗೆ ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ ನೆಸ್ತಾ. ಊಟಕ್ಕೆ ಬರೋರು ಕೇಳಿದ್ರೆ ನಾನೇನು ಉತ್ತರ ಕೊಡ್ಲಿ? ಈ ಸಲ ಬೇಡ ಬಿಡು."

"ಸರಿ," ಅಂದಳು ನೆಸ್ತಾ. ವ್ಯಾನಿನಲ್ಲಿ ಕೂತು ಕೀಲಿ ತಿರುಗಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಸೋಮವಾರ ಗೆಥಿನ್‌ನ ಎರಡು ಹಸುಗಳನ್ನು ಒಯ್ಯಲು ಲಾರಿ ಬಂತು. ನೆಸ್ತಾ ರಸ್ತೆಯ ಈಚೆ ನಿಂತಿದ್ದಳು. ಅವುಗಳಲ್ಲಿ ಒಂದನ್ನು ಅವಳೇ ಎಷ್ಟೋ ಬೆಳಗ್ಗೆ ಕರೆದಿದ್ದಳು. ಎಡಗಡೆಯ ಹಿಂಬದಿ ಮೊಲೆ ನಿಧಾನ, ತಾಳ್ಮೆ ಬೇಕು. ಗೆಥಿನ್ ಲಾರಿಯ ಬಾಗಿಲು ಹಾಕಿ ಬೇಲಿಯ ಬಳಿ ಬಂದ.

"ನನ್ನಿಂದ ನಿಂಗೂ ಬಂತು ಅಂತ ಕೇಳ್ದೆ."

"ಬಂದಿದೆಯೋ ಇಲ್ವೋ ಇನ್ನೂ ಗೊತ್ತಿಲ್ಲ. ಬಂದಿದ್ರೂ ಯಾವ ಕಡೆಯಿಂದ ಅಂತ ದೇವರಿಗೇ ಗೊತ್ತು. ಬೇಲಿ ಹಾಕದೆ ಇದ್ದೋಳು ನಾನೂ ಹೌದಲ್ಲ."

ಅವನು ಟೋಪಿ ಕೆಳಗೆಳೆದುಕೊಂಡು ಲಾರಿಯ ಕಡೆ ಹೋದ.

ಗಿಡ್ಡ ಹೋರಿಯನ್ನು ಹಳೆಯ ಕುದುರೆಲಾಯದಲ್ಲಿ ಒಂಟಿಯಾಗಿ ಕಟ್ಟಿದರು. ಮೊದಲ ವಾರ ಅದು ಗಂಟಲು ಒಡೆಯುವಂತೆ ಕೂಗಿತು. ಕೊಟ್ಟಿಗೆಯ ಮೂರೂ ಉತ್ತರ ಕೊಟ್ಟವು. ಆ ಮೂರೂ ಕಸಾಯಿಖಾನೆಗೆ ಹೋದ ಮೇಲೆ ಗಿಡ್ಡನ ಕೂಗೂ ನಿಂತಿತು. ಆ ಮೌನ ಅವಳಿಗೆ ಕೂಗಿಗಿಂತ ಕಷ್ಟವಾಯಿತು. ಅದು ಕೆಮ್ಮಿದಂತೆ ಕೇಳಿ ಓಡಿ ಹೋಗುವಳು; ನೋಡಿದರೆ ಬರೀ ಹುಲ್ಲಿನ ದೂಳು. ಮೈ ಸ್ವಲ್ಪ ಇಳಿದಂತೆ ಕಂಡರೆ ಪಕ್ಕೆ ಒತ್ತಿ ನೋಡುವಳು. ಗೈನೊರ್ ಬಿಟ್ಟ ಮಾಂಸವನ್ನು ಎಮ್ಲಿನ್‌ನ ಮಗಳು ಆಸ್ಪತ್ರೆಯ ತನ್ನ ಜೊತೆಗಾತಿಯರಿಗೆ ಹಂಚಿ ಕೊಟ್ಟಳು. ಎಲ್ಲವೂ ಖರ್ಚಾಗಲಿಲ್ಲ. ಉಳಿದದ್ದು ನೆಸ್ತಾಳ ಫ್ರೀಜರಿನಲ್ಲಿ ಕೂತಿತು, ಚಳಿಗಾಲವಿಡೀ ಅಕ್ಕತಮ್ಮ ಅದನ್ನೇ ತಿಂದರು.

ಜನವರಿಯ ಮರುಪರೀಕ್ಷೆಯಲ್ಲಿ ಲೊವ್ರಿ ಗಂಟು ಅಳೆಯಲು ಬಂದ ಬೆಳಗ್ಗೆ ನೆಸ್ತಾ ಲಾಯದೊಳಗೆ ಹೋಗಲೇ ಇಲ್ಲ. ಇದ್ವಾಲನನ್ನು ಕಳಿಸಿ ತಾನು ಅಂಗಳದಲ್ಲಿ ನೆಲ ಗುಡಿಸುತ್ತಿದ್ದಳು, ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತ. ಇದ್ವಾಲ್ ಹೊರಗೆ ಬಂದು, "ಏನೂ ಇಲ್ಲ. ಚಪ್ಪಟೆ, ನನ್ನ ಕೆನ್ನೆ ಥರ," ಅಂದ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ, ಒಳಗೆ ಹೋಗಿ, ಎಷ್ಟೋ ಹೊತ್ತು ಮುಖ ತೊಳೆದುಕೊಂಡಳು. ಗಿಡ್ಡ ಫೆಬ್ರವರಿಯಲ್ಲಿ ಕಸಾಯಿಖಾನೆಗೆ ಹೋಯಿತು. ಆ ಸಲ ಗೈನೊರ್ ತಾನಾಗಿ ಫೋನು ಮಾಡಿ ಮಾಂಸ ಕೇಳಿದಳು. ನೆಸ್ತಾ ಬೇಡವೆನ್ನಲಿಲ್ಲ.

ಆದರೆ ಗೆಥಿನ್‌ನ ಮಂದೆಗೆ ಇನ್ನೂ ಬೀಗವಿತ್ತು. ವಸಂತಕ್ಕೆ ಅವಳು ಬೆಟ್ಟದಾಚೆಯ ಗೊತ್ತಿಲ್ಲದ ಹಾಲಿನ ಮಂದೆಯಿಂದ ಕರು ತರಬೇಕಾಯಿತು. ತಂದ ನಾಲ್ಕರಲ್ಲಿ ಒಂದು ಕರು ಕುಡಿಯಲೇ ಒಪ್ಪಲಿಲ್ಲ. ಬೆಳಗ್ಗೆಯಿಂದ ಬೆರಳು ಬಾಯಿಗಿಟ್ಟು, ಹಾಲಿಗೆ ಅದ್ದಿ, ಗಲ್ಲ ಸವರಿ ಸಾಕಾಯಿತು. ಕಿವಿ ಜೋತುಬಿದ್ದಿತ್ತು. ಹೊಸ ಜಾಗದಿಂದ ಏನನ್ನು ಮನೆಗೆ ಹೊತ್ತು ತಂದೆನೋ ಎಂದು ಅವಳು ಅದರ ಮೂಗು, ಕಣ್ಣು ಮತ್ತೆ ಮತ್ತೆ ನೋಡಿದಳು. ಕೊನೆಗೆ ಗೆಥಿನ್‌ಗೇ ಫೋನು ಮಾಡಿದಳು. ಅವನು ಬಂದ, ತನ್ನ ಬೂಟಿನ ಮಣ್ಣು ಅವಳ ಅಂಗಳಕ್ಕೆ ತಾಗಬಾರದೆಂದು ಗೇಟಿನಾಚೆ ರಸ್ತೆಯಲ್ಲೇ ನಿಂತ.

"ಹಾಲು ಎಷ್ಟು ಬಿಸಿ?" ಎಂದು ಅಲ್ಲಿಂದಲೇ ಕೂಗಿದ.

"ಮೈ ಬಿಸಿಯಷ್ಟು."

"ಅದು ನಿನ್ನ ಮೈ ಬಿಸಿ. ಕರುವಿನ ಮೈ ಅದಕ್ಕಿಂತ ಬಿಸಿ ಕಣೆ. ಇನ್ನೊಂಚೂರು ಕಾಯಿಸು. ನಿಂತ್ಕೊಂಡು ಕುಡಿಸಬೇಡ, ಮೂಲೆಗೆ ಒತ್ತಿ ಹಿಂದೆ ಕೂತ್ಕೋ."

ಅವಳು ಹಾಲು ಕಾಯಿಸಿ ತಂದು, ಕರುವನ್ನು ಮೂಲೆಗೆ ಒತ್ತಿ, ಹುಲ್ಲಿನ ಮೇಲೆ ಕೂತಳು. ಬೆರಳನ್ನು ಹಾಲಿಗೆ ಅದ್ದಿ ಅದರ ಬಾಯಿಗಿಟ್ಟಳು. ಆಮೇಲೆ ಅವಳ ಬೆರಳಿನ ಸುತ್ತ ಒರಟು ನಾಲಿಗೆ ಮಡಚಿಕೊಂಡಿತು.

"ಎಳೀತಾ ಇದ್ಯಾ?" ಗೇಟಿನಾಚೆಯಿಂದ ಕೇಳಿದ.

"ಮಾತಾಡ್ಸಬೇಡ ಸುಮ್ನಿರು," ಅಂದಳು ನೆಸ್ತಾ.

ಕರು ಕುಡಿಯತೊಡಗಿತು.