ಗೋಡೆಯ ಮೇಲೆ ಎರಡು ಕ್ಯಾಲೆಂಡರ್

ನಮ್ಮ ದೊಡ್ಡಮ್ಮನಿಗೆ ಕಿವಿ ಕೇಳಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಒಂದು ಫೋನ್ ಮಾಡೋಕೆ ನಿನಗೇನಾಗಿತ್ತು ಎಂದು ಎಲ್ಲರೂ ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷ ಶರ್ಟ್ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಮೆಷಿನ್ನುಗಳ ನಡುವೆ ಕೂತವಳು ಅವಳು. ಕಾರ್ಖಾನೆ ಮುಚ್ಚಿದಾಗ ಕೈಗೆ ಬಂದ ದುಡ್ಡಿನಲ್ಲಿ ಹಳೆಯದೊಂದು ಕಸೂತಿ ಮೆಷಿನ್ ಕೊಂಡಳು. ಅದರ ಗದ್ದಲ ಇನ್ನೂ ಜೋರು. ಕಿವಿಗೆ ಹಾಕಿಕೊಳ್ಳುವ ಯಂತ್ರ ನಾನೇ ಕೊಡಿಸಿದ್ದೆ. ಹಾಕಿಕೊಂಡರೆ ಮೆಷಿನ್ ತಲೆಯೊಳಗೇ ಓಡಿದ ಹಾಗಾಗುತ್ತದೆ ಎಂದು ಅದನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟಳು. ಮೊಬೈಲಂತೂ ಬೇಡವೇ ಬೇಡ ಎಂದಳು. ಹಾಗಾಗಿ ನಮ್ಮಿಬ್ಬರ ಮಾತೆಲ್ಲ ಕಂಪ್ಯೂಟರಿನಲ್ಲಿ ಬರೆದು ಕಳಿಸುವ ಕಾಗದಗಳಲ್ಲೇ. ಅಮ್ಮ ಹೋದ ಮೇಲೆ ಹತ್ತು ವರ್ಷ ನನಗೆ ಜಡೆ ಹಾಕಿದವಳು ಅವಳು. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಪುರುಸೊತ್ತಾಗಲಿಲ್ಲ ಎನ್ನುತ್ತಾಳೆ.

ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಒಂದು ಕೋಣೆ, ಅದಕ್ಕೊಂದು ಚಿಕ್ಕ ಅಡುಗೆಮನೆ. ಡಾಕ್ಟರ ಕೋಟು, ಹೋಟೆಲಿನವರ ಏಪ್ರನ್ನು, ಶಾಲೆಯ ಸ್ವೆಟರ್ ಎಲ್ಲದರ ಮೇಲೂ ಹೆಸರು ಹೊಲಿದು ಕೊಡುವುದು ಅವಳ ಕೆಲಸ. ಬೀದಿಯವರು ಅವಳನ್ನು ಹೆಸರಮ್ಮ ಎಂದೇ ಕರೆಯುತ್ತಾರೆ. ಬಂದವರು ತಮಗೆ ಬೇಕಾದ ಹೆಸರನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಕತ್ತರಿಸುವ ಮೇಜಿನ ಮೇಲೆಯೇ ಬರೆಯಬೇಕು. ಅವಳು ಅದನ್ನು ಕಂಪ್ಯೂಟರಿಗೆ ಕೊಡುತ್ತಾಳೆ, ಕಂಪ್ಯೂಟರ್ ದಪ್ಪನೆಯ ಬೂದು ಕೇಬಲ್ಲಿನ ಮೂಲಕ ಮೆಷಿನ್ನಿಗೆ ಹೇಳುತ್ತದೆ, ಸೂಜಿ ಬರೆಯುತ್ತದೆ.

ಆ ಮೆಷಿನ್ನಿಗೆ ಹಳೆಯ ಕಂಪ್ಯೂಟರಿನ ಭಾಷೆ ಮಾತ್ರ ಗೊತ್ತು. ಕಂಪ್ಯೂಟರಿಗೋ ಹೊಸದಾಗುವ ಚಪಲ. ದಿನಾ ಬೆಳಿಗ್ಗೆ ತೆರೆದ ಕೂಡಲೇ ಒಂದು ಚೌಕ ಬರುತ್ತಿತ್ತು: ಹೊಸ ಆವೃತ್ತಿ ಸಿದ್ಧವಾಗಿದೆ, ಈಗ ಹಾಕಲೇ, ಆಮೇಲೆ ಹಾಕಲೇ? ದೊಡ್ಡಮ್ಮ ‘ಆಮೇಲೆ’ ಒತ್ತಿ ಕೆಲಸಕ್ಕೆ ಕೂರುತ್ತಿದ್ದಳು. ಬೇಡ ಎನ್ನುವ ಗುಂಡಿಯೇ ಅದರಲ್ಲಿರಲಿಲ್ಲ. ಮನೆಗೆ ಬಂದವರು ಕೂಡ ಇಷ್ಟು ಪೀಡಿಸುವುದಿಲ್ಲ ಎಂದು ನನಗೆ ಬರೆದಿದ್ದಳು. ಒಂದು ಸೋಮವಾರ ಅವಳು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅದು ಹೇಳದೆ ಕೇಳದೆ ಹೊಸದಾಗಿ ಕೂತಿತ್ತು. ಮೆಷಿನ್ ಒಂಬತ್ತು ದಿನ ಕಲ್ಲಿನ ಹಾಗೆ ಬಿದ್ದಿತ್ತು. ರಿಪೇರಿಯವನು ಹೇಗೋ ಹೆಣಗಾಡಿ ಹಳೆಯದನ್ನು ವಾಪಸ್ ತಂದ. ಇನ್ನೊಂದು ಸಲ ಹೀಗಾದರೆ ತನ್ನ ಕೈಲಾಗುವುದಿಲ್ಲ ಎಂದು ಮೇಜಿನ ಮೇಲೆ ಬರೆದು ಹೋದ.

ಅದಾಗಿ ಕೆಲವು ದಿನಕ್ಕೇ ನಾನು ಆ ಕಾಗದ ಬರೆದೆ. ನಮ್ಮ ಮನೆಯಲ್ಲೊಂದು ಕೋಣೆ ಖಾಲಿ ಇದೆ, ಯಜಮಾನರಿಗೂ ಒಪ್ಪಿಗೆಯಿದೆ, ನಮ್ಮ ಜೊತೆಯಲ್ಲೇ ಬಂದಿದ್ದುಬಿಡು ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ‘ಆ ಡಬ್ಬಾ ಮೆಷಿನ್ನನ್ನು ಅಲ್ಲೇ ಯಾರಿಗಾದರೂ ಕೊಟ್ಟು ಬಾ’ ಎಂದೂ ಸೇರಿಸಿದೆ.

ಯೋಚಿಸಿ ಹೇಳುತ್ತೇನೆ ಎಂದು ಒಂದು ಸಾಲು ಬಂತು, ಆಮೇಲೆ ಏನೂ ಇಲ್ಲ. ಒಂದು ವಾರ ಕಳೆಯಿತು, ಮೂರಾಯಿತು, ತಿಂಗಳಾಯಿತು. ಮೆಷಿನ್ನಿಗೆ ಅಂದದ್ದು ನಾಟಿದೆ, ಮುನಿಸಿಕೊಂಡಿದ್ದಾಳೆ ಎಂದುಕೊಂಡೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಕರೆದದ್ದು ನಾನು, ಉತ್ತರ ಕೊಡಬೇಕಾದವಳು ಅವಳು, ಬೇಕಿದ್ದರೆ ಬರೆಯಲಿ ಎಂದು ಬಿಗಿದುಕೊಂಡು ಕೂತೆ. ಅಷ್ಟರಲ್ಲಿ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಆ ಕೋಣೆಯ ಕಿಟಕಿ ಪಕ್ಕ ಅವರ ಮಂಚ ಬಂತು. ದೊಡ್ಡಮ್ಮನ ನೆನಪಾದಾಗಲೆಲ್ಲ ಕೊಡುತ್ತೇನೆಂದ ಕೋಣೆ ಹೋಯಿತಲ್ಲ ಎಂಬ ಅಳುಕು ಮೊದಲು, ಸಿಟ್ಟು ಆಮೇಲೆ. ಸಿಟ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಹನ್ನೊಂದು ತಿಂಗಳಾದ ಮೇಲೆ ಒಂದು ದಿನ ಅವಳ ಬೀದಿಯ ದಾರದಂಗಡಿಯವರು ನನಗೆ ಫೋನ್ ಮಾಡಿದರು. ಹೆಸರಮ್ಮನ ಬೆರಳಿಗೆ ಸೂಜಿ ಹೊಕ್ಕು ಆಚೆ ಬಂದಿದೆ, ಡಾಕ್ಟರು ತೆಗೆದು ಕಟ್ಟುಹಾಕಿದ್ದಾರೆ, ಗಾಬರಿಯೇನೂ ಇಲ್ಲ ಎಂದರು. ನಿಮ್ಮವರು ಯಾರು ಎಂದು ಡಾಕ್ಟರು ಕೇಳಿದಾಗ ನನ್ನ ನಂಬರ್ ಬರೆದುಕೊಟ್ಟಳಂತೆ. ಫೋನ್ ಇಡುವ ಮುಂಚೆ ಅಂದರು: “ನೀವು ಬರಲ್ಲ ಅಂತ ಅವರೇ ಹೇಳಿದ್ರಮ್ಮ. ಆದ್ರೂ ಹೇಳ್ಬೇಕು ಅನ್ನಿಸ್ತು.”

ಆರು ಗಂಟೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅವಳಿಗೆ ಏನೇನು ಅನ್ನಬೇಕು ಎಂದು ಪಟ್ಟಿ ಮಾಡಿಕೊಂಡೇ ಹೋದೆ. ಬಾಗಿಲು ತೆರೆದವಳು ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದು, ಕಟ್ಟು ಹಾಕಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಮಾಡಿಕೊಂಡು ಹೋಗಿದ್ದ ಪಟ್ಟಿ ಅಲ್ಲೇ ಮರೆತುಹೋಯಿತು. ಬಹಳ ಇಳಿದುಹೋಗಿದ್ದಳು.

ಅವಳು ಕಾಫಿಗೆ ನೀರಿಡಲು ಹೋದಾಗ ಗೋಡೆ ನೋಡಿದೆ. ಅಕ್ಕಪಕ್ಕದಲ್ಲಿ ಎರಡು ಕ್ಯಾಲೆಂಡರ್, ಎರಡರಲ್ಲೂ ಅದೇ ತಿಂಗಳು. ಒಂದು ಈ ವರ್ಷದ್ದು, ಇನ್ನೊಂದು ಆರು ವರ್ಷ ಹಿಂದಿನದು. ಹಳೆಯದರಲ್ಲೂ ದಿನಾ ಒಂದು ಗೀಟು ಎಳೆದಿತ್ತು. ಇದೇನಿದು ಎಂದು ಕೈಸನ್ನೆ ಮಾಡಿ ಕೇಳಿದೆ. ಕಾಫಿ ಮುಂದಿಟ್ಟು ಹೇಳಿದಳು.

“ಇದು ನನ್ನದು. ಅದು ಅದರದ್ದು.” ಕಂಪ್ಯೂಟರ್ ಕಡೆ ಗಲ್ಲ ಎತ್ತಿ ತೋರಿಸಿದಳು.

ನನ್ನ ಕಾಗದ ಬಂದ ಮೇಲೆ ಆ ಚೌಕದಲ್ಲಿ ‘ಆಮೇಲೆ’ ಗುಂಡಿಯೂ ಮಾಯವಾಯಿತಂತೆ. ಶುಕ್ರವಾರ ಹಾಕಿಯೇ ತೀರುತ್ತೇನೆ ಎಂದು ತಾರೀಖು ಕೊಟ್ಟಿತಂತೆ. ದೊಡ್ಡಮ್ಮ ಗುರುವಾರ ಕೂತು ಯೋಚಿಸಿದಳು. ತಾರೀಖು ಬಂದರೆ ತಾನೇ ಹಾಕುವುದು? ಕಂಪ್ಯೂಟರಿನ ಗಡಿಯಾರವನ್ನು ಆರು ವರ್ಷ ಹಿಂದಕ್ಕೆ ತಿರುಗಿಸಿಬಿಟ್ಟಳು. ಆರೇ ಯಾಕೆಂದರೆ ಆ ವರ್ಷ ವಾರವೂ ತಾರೀಖೂ ಈಗಿನದಕ್ಕೆ ಹೊಂದುತ್ತಿದ್ದವು. ಶುಕ್ರವಾರ ಚೌಕ ಬರಲಿಲ್ಲ, ಆಮೇಲೂ ಬರಲಿಲ್ಲ. ಇಂಟರ್‌ನೆಟ್ಟಿನ ಪುಟಗಳು ತಾರೀಖು ಸರಿಯಿಲ್ಲ ಎಂದು ತಗಾದೆ ತೆಗೆದು ತೆರೆಯುವುದನ್ನೇ ನಿಲ್ಲಿಸಿದವು. ಅವು ಅವಳಿಗೆ ಬೇಕೂ ಇರಲಿಲ್ಲ. ಕಾಗದ ಕಳಿಸುವ ಹಳೆಯ ಪ್ರೋಗ್ರಾಮ್ ಮಾತ್ರ ತಕರಾರಿಲ್ಲದೆ ನಡೆಯಿತು.

“ಕಾಗದ ಕಳಿಸಿದ್ಯಾ?” ಎಂದು ಸೀಮೆಸುಣ್ಣದಲ್ಲಿ ಬರೆದೆ.

“ಪ್ರತಿ ಭಾನುವಾರ,” ಎಂದಳು. “ನೀನು ಓದಲ್ಲ ಅಂತ ಗೊತ್ತಾದ್ಮೇಲೂ ಕಳಿಸ್ತಿದ್ದೆ. ಅಭ್ಯಾಸ.”

ಗೋಡೆಯ ಹಳೆಯ ಕ್ಯಾಲೆಂಡರಿನತ್ತ ತಿರುಗಿದೆ. ಕಾಗದಕ್ಕೆ ತಾರೀಖು ಹಾಕುವುದು ಕಳಿಸುವವರ ಕಂಪ್ಯೂಟರ್. ನನ್ನ ಫೋನು ತಾರೀಖು ನೋಡಿ ಜೋಡಿಸುತ್ತದೆ, ಹೊಸದು ಮೇಲೆ, ಹಳೆಯದು ಕೆಳಗೆ. ಜಾಹೀರಾತುಗಳ ಕಾಟಕ್ಕೆ ಟಣ್ ಎನ್ನುವ ಸದ್ದನ್ನೂ ನಾನೇ ನಿಲ್ಲಿಸಿದ್ದೆ. ಫೋನ್ ತೆಗೆದು ಕೆಳಗೆ, ಕೆಳಗೆ, ಇನ್ನೂ ಕೆಳಗೆ ಸರಿಸಿದೆ. ಆರು ವರ್ಷದ ಹಿಂದಿನ ಸೀರೆ ಅಂಗಡಿ ರಿಯಾಯಿತಿಗಳ ನಡುವೆ ಅವು ಕೂತಿದ್ದವು, ನಲವತ್ತಾರು.

ಮೊದಲನೆಯದು: ‘ಬರ್ತೀನಿ. ಮೆಷಿನ್ ಮಾತ್ರ ತರ್ತೀನಿ, ಸಿಟ್ಟಾಗಬೇಡ. ಕೆಲಸ ಇದ್ದರೆ ನಿಮಗೆ ಹೊರೆ ಆಗಲ್ಲ. ಅದಕ್ಕೇ ಕಂಪ್ಯೂಟರನ್ನು ಹೇಗೋ ಕಾಪಾಡಿಕೊಂಡಿದೀನಿ. ಆ ಕೋಣೆಯ ಕಿಟಕಿ ಪಕ್ಕ ನಾಲ್ಕಡಿ ಜಾಗ ಇದೆಯಾ, ಅಳತೆ ಕಳಿಸು.’

ಎರಡನೆಯದು: ‘ಅಳತೆಗೆ ಅವಸರ ಇಲ್ಲ.’

ಐದನೆಯದು: ‘ಮೂರಡಿ ಇದ್ದರೂ ಸಾಕು. ಗಾಡಿಯವನನ್ನು ಕೇಳಿಟ್ಟಿದೀನಿ.’

ಎಂಟನೆಯದು: ‘ಕೋಣೆ ಬೇರೆಯವರಿಗೆ ಬೇಕಾಗಿದ್ದರೆ ಹೇಳಿಬಿಡು, ನನಗೇನೂ ಬೇಜಾರಿಲ್ಲ.’

ಅದಾದ ಮೇಲೆ ಕೋಣೆಯ ಸುದ್ದಿಯೇ ಇಲ್ಲ. ನೀಲಿ ದಾರದ ಬಣ್ಣ ಬಿಡುತ್ತಿದೆ, ಕೆಳಗಿನ ಬೀಗದವನಿಗೆ ಕೆಮ್ಮು, ಈ ವಾರ ಶಾಲೆಯ ಸ್ವೆಟರ್ ಬಂದಿವೆ. ಉತ್ತರ ಬಾರದ ಗೋಡೆಗೆ ಮೂವತ್ತೆಂಟು ಭಾನುವಾರ ಬರೆದಿದ್ದಳು. ನಾನು ಮೇಜಿಗೆ ಹಣೆಯಿಟ್ಟು ಅತ್ತುಬಿಟ್ಟೆ. ನನ್ನ ಕೋಪಕ್ಕಿಷ್ಟು ಬೆಂಕಿ ಬೀಳಲಿ.

ಎಲ್ಲವನ್ನೂ ಬರೆದು ತಿಳಿಸಿದೆ. ತಾರೀಖು, ಫೋನು, ನನ್ನ ಹಟ, ಒಂದನ್ನೂ ಬಿಡಲಿಲ್ಲ. ಕಡೆಯದು ಬರೆಯಲು ಕೈ ಏಳಲಿಲ್ಲ, ಆದರೂ ಬರೆದೆ: ಈಗ ಆ ಕೋಣೆಯಲ್ಲಿ ಅತ್ತೆ ಇದ್ದಾರೆ, ಏಳಲಾರರು. ನಡುಮನೆಯಲ್ಲಿ ಜಾಗ ಮಾಡುತ್ತೇನೆ, ಬಾ.

ಅವಳು ಬಗ್ಗಿ ನಿಧಾನವಾಗಿ ಓದಿದಳು. ಕಡೆಯ ಸಾಲಿಗೆ ಬಂದಾಗ ಬಯ್ಯಲಿ ಎಂದು ಕಾದೆ.

“ಹಾಗಾದ್ರೆ ನೀನು ಬೇಡ ಅಂದಿರ್ಲಿಲ್ಲ,” ಎಂದಳು.

ಇಲ್ಲ ಎಂದು ತಲೆಯಾಡಿಸಿದೆ.

“ಮೆಷಿನ್ ತರ್ತೀನಿ ಅಂದಿದ್ದು ಜಾಸ್ತಿ ಆಯ್ತೇನೋ ಅಂದ್ಕೊಂಡಿದ್ದೆ.” ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು, ನಡುಮನೆಯ ಮಾತೂ ಅದರಲ್ಲೇ ಹೋಯಿತು. “ಸೊಂಟ ಮುರಿದವರ ಪಕ್ಕದಲ್ಲಿ ಈ ಗದ್ದಲ ಇಡೋಕಾಗುತ್ತಾ? ಬಿಡು. ನೀನು ಬೇಡ ಅಂದಿರ್ಲಿಲ್ಲ.” ಅದನ್ನೇ ಇನ್ನೊಂದು ಸಲ ಹೇಳಿ ಒಳಗೆ ಹೋಗಿ, ಬಹಳ ಹೊತ್ತು ಒಂದೇ ಲೋಟ ತೊಳೆದಳು.

ಮರುದಿನ ಕಂಪ್ಯೂಟರಿನಿಂದ ಇಂಟರ್‌ನೆಟ್ಟಿನ ವಯರನ್ನು ಕಿತ್ತುಬಿಟ್ಟೆ. ಇನ್ನು ಅದನ್ನು ಯಾರೂ ಹೊಸದು ಮಾಡುವಂತಿಲ್ಲ. ತಾರೀಖನ್ನೂ ಸರಿಮಾಡಿದೆ. ಬ್ಯಾಗಿನಲ್ಲಿದ್ದ ನನ್ನ ಹಳೆಯ ಫೋನಿಗೆ ಒಂದು ಸಿಮ್ ಹಾಕಿಸಿ, ಅಕ್ಷರ ದೊಡ್ಡದು ಮಾಡಿ, ಇನ್ನು ಇದರಲ್ಲೇ ಬರಿ ಎಂದು ಕೈಗಿಟ್ಟೆ. ಮೊಬೈಲ್ ಬೇಡ ಎಂದಿದ್ದವಳು ಈ ಸಲ ಸುಮ್ಮನೆ ತೆಗೆದುಕೊಂಡಳು. ನನ್ನ ಫೋನಿಗೆ ಸದ್ದು ವಾಪಸ್ ಹಾಕಿದೆ. ಹಳೆಯ ಕ್ಯಾಲೆಂಡರನ್ನು ಅವಳು ತೆಗೆಯಲಿಲ್ಲ, ನಾನೂ ಹೇಳಲಿಲ್ಲ.

ಬಸ್ಸು ಊರು ದಾಟಿರಲಿಲ್ಲ, ಟಣ್ ಎಂದಿತು. ಎಲ್ಲಕ್ಕಿಂತ ಮೇಲೆ, ಇವತ್ತಿನ ತಾರೀಖಿನಲ್ಲಿ, ಅವಳ ಕಾಗದ. ಒಂದೇ ಪದ: ‘ತಲುಪಿತಾ?’

ಕಣ್ಣು ಮಂಜಾಗಿ ಅಕ್ಷರ ಸಿಕ್ಕಲಿಲ್ಲ. ತಲುಪಿತು ದೊಡ್ಡಮ್ಮ ಎಂದು ತಡವರಿಸಿ ಬರೆದು ಕಳಿಸುವಷ್ಟರಲ್ಲಿ ಇನ್ನೊಂದು ಬಂದಿತ್ತು. ಅದೂ ಅದೇ: ‘ತಲುಪಿತಾ?’ ಅದಕ್ಕೂ ಬರೆದೆ.